ಪೆಗ್ಗಿ ಆಶ್‌ಕ್ರಾಫ್ಟ್: ಮಿಸೆಸ್ ಮೂರ್ ಹಿಂದಿನ ಅರವತ್ತು ವರ್ಷ

ಡೇವಿಡ್ ಲೀನ್ ನಿರ್ದೇಶಿಸಿದ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಮಾತು ಬಂದರೆ ನಮ್ಮ ಕಡೆಯವರು ಮೊದಲು ನೆನೆಯುವುದು ಅದರ ಗುಹೆಯ ದೃಶ್ಯಗಳ ಚಿತ್ರೀಕರಣ ನಡೆದ ಸಾವನದುರ್ಗವನ್ನು. ಅದರ ಜೊತೆಗೇ ನೆನಪಾಗುವುದು ಬೆಳದಿಂಗಳ ರಾತ್ರಿ ಮಸೀದಿಯ ಕಂಬಗಳ ನಡುವೆ ನಿಂತ ಒಬ್ಬ ಬಿಳಿಕೂದಲಿನ ಹೆಂಗಸು, ಮಿಸೆಸ್ ಮೂರ್. ಆ ಪಾತ್ರ ಮಾಡಿದವರು ಪೆಗ್ಗಿ ಆಶ್‌ಕ್ರಾಫ್ಟ್. ಅದಕ್ಕಾಗಿ 1985ರಲ್ಲಿ ಅವರಿಗೆ ಆಸ್ಕರ್ ಬಂದಾಗ ಅವರ ವಯಸ್ಸು 77.

ಭಾರತದಲ್ಲಿ ಬಹಳ ಮಂದಿಗೆ ಅವರ ಬಗ್ಗೆ ಗೊತ್ತಿರುವುದು ಇಷ್ಟೇ. ಇಷ್ಟರಿಂದಲೇ ಹಲವು ತಪ್ಪು ತಿಳಿವಳಿಕೆಗಳೂ ಹುಟ್ಟಿಕೊಂಡಿವೆ: ಆಕೆ ಸಿನಿಮಾ ನಟಿ, ವಯಸ್ಸಾದ ಮೇಲೆ ಬೆಳಕಿಗೆ ಬಂದವರು, ಬ್ರಿಟಿಷ್ ಆಳ್ವಿಕೆಯ ಗತವೈಭವವನ್ನು ತೆರೆಗೆ ತಂದವರು ಎಂಬಂಥವು. ಇಪ್ಪತ್ತನೇ ಶತಮಾನದ ಇಂಗ್ಲಿಷ್ ರಂಗಭೂಮಿಯನ್ನು ಕಟ್ಟಿದವರಲ್ಲಿ ಒಬ್ಬರನ್ನು ಒಂದೇ ಪಾತ್ರದಿಂದ ಅಳೆಯುವುದು ಅನ್ಯಾಯ. ಅದಕ್ಕೇ ಆ ಕಲ್ಪನೆಗಳನ್ನು ಒಂದೊಂದಾಗಿ ತೆಗೆದುಕೊಂಡು, ನಿಜ ಏನೆಂದು ನೋಡೋಣ.

ತಪ್ಪು ಕಲ್ಪನೆ 1: ಪೆಗ್ಗಿ ಆಶ್‌ಕ್ರಾಫ್ಟ್ ಮುಖ್ಯವಾಗಿ ಸಿನಿಮಾ ನಟಿ.

ವಾಸ್ತವ: ಅವರ ಬದುಕು ಪೂರ್ತಿ ರಂಗಭೂಮಿಯದು. 1907ರ ಡಿಸೆಂಬರ್ 22ರಂದು ಲಂಡನ್ ಪಕ್ಕದ ಕ್ರಾಯ್ಡನ್‌ನಲ್ಲಿ ಹುಟ್ಟಿದ ಅವರು ಲಂಡನ್ನಿನ ಸೆಂಟ್ರಲ್ ಸ್ಕೂಲ್‌ನಲ್ಲಿ ಎಲ್ಸಿ ಫೋಗರ್ಟಿ ಅವರ ಬಳಿ ನಟನೆ ಕಲಿತರು. ಲಾರೆನ್ಸ್ ಒಲಿವಿಯೇ ಅಲ್ಲಿ ಅವರ ಸಹಪಾಠಿ. 1926ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಬರ್ಮಿಂಗ್‌ಹ್ಯಾಮ್ ರೆಪರ್ಟರಿಯ ‘ಡಿಯರ್ ಬ್ರೂಟಸ್’ ನಾಟಕದಲ್ಲಿ ರಾಲ್ಫ್ ರಿಚರ್ಡ್‌ಸನ್ ಜೊತೆ ಬಣ್ಣ ಹಚ್ಚಿದರು. ಅಲ್ಲಿಂದ 1980ರ ದಶಕದ ಆರಂಭದವರೆಗೂ ರಂಗವೇ ಅವರ ಮನೆ.

ಹಾಗೆ ನೋಡಿದರೆ ಅಷ್ಟು ದೀರ್ಘ ವೃತ್ತಿಜೀವನದಲ್ಲಿ ಅವರು ಮಾಡಿದ ಸಿನಿಮಾಗಳು ತೀರಾ ಕಡಿಮೆ. ಮಾಡಿದವುಗಳಲ್ಲೂ ಹೆಚ್ಚಿನವು ಸಣ್ಣ ಪಾತ್ರಗಳು. ಆದರೆ ಸಣ್ಣ ಪಾತ್ರದಲ್ಲಿ ಅವರು ಏನು ಮಾಡುತ್ತಿದ್ದರು ಎಂಬುದಕ್ಕೆ ಹಿಚ್‌ಕಾಕ್‌ನ ‘ದ 39 ಸ್ಟೆಪ್ಸ್’ (1935) ಸಾಕ್ಷಿ. ಪೊಲೀಸರಿಂದ ತಪ್ಪಿಸಿಕೊಂಡು ಓಡುತ್ತಿರುವ ನಾಯಕ ಸ್ಕಾಟ್ಲೆಂಡ್‌ನ ಒಂಟಿ ತೋಟದಮನೆಯಲ್ಲಿ ರಾತ್ರಿ ತಂಗುತ್ತಾನೆ. ಆ ಮನೆಯ ರೈತ ವಯಸ್ಸಾದವನು, ಕಟ್ಟುನಿಟ್ಟಿನ ಧರ್ಮಭೀರು, ಸಂಶಯ ಪ್ರಾಣಿ. ಹೆಂಡತಿ ಎಳೆಯ ಪ್ರಾಯದವಳು, ಪೇಟೆಯಿಂದ ಬಂದು ಈ ಕಾಡುಮೇಡಿನಲ್ಲಿ ಸಿಕ್ಕಿಕೊಂಡವಳು. ಗಂಡ ಹೊರಗೆ ಹೋದಾಗ ಅವಳು ಅತಿಥಿಯನ್ನು ಲಂಡನ್ ಬಗ್ಗೆ ಕೇಳುತ್ತಾಳೆ. ಅಲ್ಲಿನ ಹೆಂಗಸರು ಕಾಲುಗುರಿಗೂ ಬಣ್ಣ ಹಚ್ಚಿಕೊಳ್ಳುತ್ತಾರಂತೆ, ಹೌದೇ ಎಂದು ವಿಚಾರಿಸುತ್ತಾಳೆ. ಆ ಒಂದು ಪ್ರಶ್ನೆಯಲ್ಲಿ, ಕೇಳುವಾಗ ಮುಖದಲ್ಲಿ ಹಾದುಹೋಗುವ ಆಸೆಯಲ್ಲಿ, ಅವಳ ಮದುವೆಯ ಕಥೆಯೆಲ್ಲ ನಮಗೆ ತಿಳಿದುಬಿಡುತ್ತದೆ. ಬೆಳಗಾಗುವ ಮುಂಚೆ ಗಂಡನ ಕೋಟು ಕೊಟ್ಟು ನಾಯಕನನ್ನು ಪಾರುಮಾಡುವವಳೂ ಅವಳೇ. ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಗಳ ಪುಸ್ತಕ ಮುಂದೆ ಗುಂಡೇಟನ್ನು ತಡೆಯುತ್ತದೆ. ಕೆಲವೇ ನಿಮಿಷ ತೆರೆಯ ಮೇಲಿದ್ದು ಮರೆಯಾಗುವ ಈ ಹೆಂಗಸು ಚಿತ್ರ ಮುಗಿದ ಮೇಲೂ ಮನಸ್ಸಿನಲ್ಲಿ ಉಳಿಯುತ್ತಾಳೆ.

ತಪ್ಪು ಕಲ್ಪನೆ 2: ಅವರು ವಯಸ್ಸಾದ ಮೇಲೆ ಪ್ರಸಿದ್ಧಿಗೆ ಬಂದವರು.

ವಾಸ್ತವ: ‘39 ಸ್ಟೆಪ್ಸ್’ ತೆರೆಕಂಡ ವರ್ಷವೇ, ಅಂದರೆ 1935ರಲ್ಲಿ, ಲಂಡನ್ನಿನ ನ್ಯೂ ಥಿಯೇಟರ್‌ನಲ್ಲಿ ಅವರು ಜೂಲಿಯೆಟ್ ಆಗಿದ್ದರು. ನಿರ್ದೇಶನ ಜಾನ್ ಗೀಲ್ಗುಡ್ ಅವರದು. ಗೀಲ್ಗುಡ್ ಮತ್ತು ಒಲಿವಿಯೇ ಇಬ್ಬರೂ ರೋಮಿಯೋ ಮತ್ತು ಮರ್ಕ್ಯೂಷಿಯೋ ಪಾತ್ರಗಳನ್ನು ಅದಲುಬದಲು ಮಾಡಿಕೊಂಡು ಆಡಿದರು. ಇಬ್ಬರ ನಟನಾಶೈಲಿಯೂ ಬೇರೆಬೇರೆ. ಗೀಲ್ಗುಡ್ ಪದ್ಯದ ನಾದಕ್ಕೆ ಒಲಿದವರು, ಒಲಿವಿಯೇ ಮೈಯ ಬಿಸಿಗೆ. ರೋಮಿಯೋ ಬದಲಾದರೂ ಜೂಲಿಯೆಟ್ ಒಬ್ಬಳೇ. ಎರಡೂ ಬಗೆಯ ರೋಮಿಯೋಗೆ ಜೊತೆಯಾಗಿ ನಿಲ್ಲುವ ಹೊಣೆ ಪೆಗ್ಗಿಯವರ ಮೇಲಿತ್ತು. ಆ ನಾಟಕ 180ಕ್ಕೂ ಹೆಚ್ಚು ಪ್ರದರ್ಶನ ಕಂಡಿತು.

ಅದೇ ನಾಟಕದಲ್ಲಿ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಿದ್ದ ಹುಡುಗನೊಬ್ಬನ ಹೆಸರು ಅಲೆಕ್ ಗಿನ್ನೆಸ್. ಸುಮಾರು ಐದು ದಶಕಗಳ ನಂತರ ಡೇವಿಡ್ ಲೀನ್ ಚಿತ್ರದಲ್ಲಿ ಪ್ರೊಫೆಸರ್ ಗೋಡ್ಬೋಲೆ ಪಾತ್ರದಲ್ಲಿ ಮಿಸೆಸ್ ಮೂರ್ ಎದುರು ಬಂದವರು ಅವರೇ.

ಮುಂದಿನ ದಶಕಗಳಲ್ಲೂ ಮುಖ್ಯ ಪಾತ್ರಗಳಿಗೆ ಬಿಡುವಿರಲಿಲ್ಲ. 1949ರಲ್ಲಿ ‘ದ ಏರೆಸ್’, 1952ರಲ್ಲಿ ‘ದ ಡೀಪ್ ಬ್ಲೂ ಸೀ’, 1954ರಲ್ಲಿ ಇಬ್ಸೆನ್ನನ ‘ಹೆಡ್ಡಾ ಗ್ಯಾಬ್ಲರ್’. ಹೆಡ್ಡಾ ಪಾತ್ರವನ್ನು ಇಬ್ಸೆನ್ನನ ನಾಡಾದ ನಾರ್ವೆಯಲ್ಲೇ ಆಡಿ ಅಲ್ಲಿನ ದೊರೆಯಿಂದ ಚಿನ್ನದ ಪದಕ ಪಡೆದರು. 1956ರಲ್ಲಿ ಬ್ರಿಟನ್ ಅವರಿಗೆ ಡೇಮ್ ಗೌರವ ನೀಡಿತು. 1962ರಲ್ಲಿ ಹುಟ್ಟೂರು ಕ್ರಾಯ್ಡನ್ ಹೊಸ ರಂಗಮಂದಿರಕ್ಕೆ ಅವರದೇ ಹೆಸರಿಟ್ಟಿತು. ಆಗ ಅವರಿಗೆ 54. ಮಿಸೆಸ್ ಮೂರ್ ಆಗಲು ಇನ್ನೂ ಇಪ್ಪತ್ತು ವರ್ಷ ಬಾಕಿ ಇತ್ತು.

ತಪ್ಪು ಕಲ್ಪನೆ 3: ಸಮಾಜದ ಗೊಡವೆಗೆ ಹೋಗದೆ ಕಲೆಯೊಂದನ್ನೇ ನೋಡಿಕೊಂಡ ಗಣ್ಯ ಮನೆತನದ ಮಹಿಳೆ.

ವಾಸ್ತವ: ಎರಡೂ ಸರಿಯಲ್ಲ. ಅವರದು ಮಧ್ಯಮವರ್ಗದ ಕುಟುಂಬ. ತಂದೆ ಜಮೀನುಗಳ ವ್ಯವಹಾರ ನೋಡಿಕೊಳ್ಳುತ್ತಿದ್ದವರು, ಮೊದಲ ಮಹಾಯುದ್ಧದಲ್ಲಿ 1918ರಲ್ಲಿ ಮಡಿದರು. ಪೆಗ್ಗಿಗೆ ಆಗಿನ್ನೂ ಹತ್ತು ವರ್ಷ. ತಾಯಿಗೆ ನಾಟಕದ ಹುಚ್ಚಿತ್ತು, ಹವ್ಯಾಸಿಯಾಗಿ ಬಣ್ಣ ಹಚ್ಚುತ್ತಿದ್ದರು.

ಸಮಾಜದ ಕ್ರೌರ್ಯ ಅವರಿಗೆ ಎದುರಾದದ್ದು ವೇದಿಕೆಯ ಮೇಲೆಯೇ. 1930ರ ಮೇ ತಿಂಗಳಲ್ಲಿ ಲಂಡನ್ನಿನ ಸವಾಯ್ ಥಿಯೇಟರ್‌ನಲ್ಲಿ ‘ಒಥೆಲೊ’ ನಡೆಯಿತು. ಒಥೆಲೊ ಆಗಿದ್ದವರು ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್. ಡೆಸ್ಡಿಮೋನಾ ಆಗಿದ್ದವರು 22ರ ಪೆಗ್ಗಿ. ಬಿಳಿ ನಟರು ಮುಖಕ್ಕೆ ಮಸಿ ಬಳಿದುಕೊಂಡು ಒಥೆಲೊ ಆಡುತ್ತಿದ್ದ ಕಾಲ ಅದು. ಕಪ್ಪು ನಟನೇ ಆ ಪಾತ್ರ ಮಾಡಿ, ಬಿಳಿ ನಟಿಯನ್ನು ವೇದಿಕೆಯ ಮೇಲೆ ಮುತ್ತಿಡುವುದನ್ನು ಹಲವರಿಗೆ ಸಹಿಸಲಾಗಲಿಲ್ಲ. ಪೆಗ್ಗಿಯವರಿಗೆ ದ್ವೇಷದ ಪತ್ರಗಳು ಬಂದವು. ಸವಾಯ್ ಥಿಯೇಟರ್ ಇರುವುದು ಅದೇ ಹೆಸರಿನ ಹೋಟೆಲ್‌ಗೆ ಅಂಟಿಕೊಂಡಂತೆ. ಅಲ್ಲಿನ ಊಟದ ಮನೆ ಹಿಂದಿನ ವರ್ಷವಷ್ಟೇ ರೋಬ್ಸನ್ ಅವರನ್ನು ಬಣ್ಣದ ಕಾರಣಕ್ಕೆ ಒಳಗೆ ಬಿಟ್ಟಿರಲಿಲ್ಲ. ನಾಟಕದೊಳಗಿನ ವರ್ಣದ್ವೇಷ ಮತ್ತು ಬೀದಿಯ ವರ್ಣದ್ವೇಷ ಎರಡೂ ಒಂದೇ ಗೋಡೆಯ ಆಚೀಚೆ ಇದ್ದವು. ಈ ಅನುಭವ ತಮ್ಮ ಕಣ್ಣು ತೆರೆಸಿತು ಎಂಬುದನ್ನು ಅವರು ಮುಂದೆ ಮುಚ್ಚುಮರೆಯಿಲ್ಲದೆ ಹೇಳಿದರು.

ನಾಲ್ಕು ದಶಕಗಳ ನಂತರವೂ ಅದೇ ಧೈರ್ಯ. ಬ್ರಿಟನ್ನಿನಲ್ಲಿ 1737ರಿಂದ ನಾಟಕಗಳಿಗೆ ಲಾರ್ಡ್ ಚೇಂಬರ್ಲಿನ್ ಎಂಬ ಅರಮನೆಯ ಅಧಿಕಾರಿಯ ಮುದ್ರೆ ಬೇಕಿತ್ತು. ಹೆರಾಲ್ಡ್ ಪಿಂಟರ್ ಬರೆದ ‘ಲ್ಯಾಂಡ್‌ಸ್ಕೇಪ್’ ನಾಟಕದ ಕೆಲವು ಪದಗಳಿಗೆ ಆ ಕಚೇರಿ ತಕರಾರು ತೆಗೆಯಿತು. ಪಿಂಟರ್ ಒಂದು ಪದವನ್ನೂ ತೆಗೆಯಲು ಒಪ್ಪಲಿಲ್ಲ. ರೇಡಿಯೊ ಆ ಅಧಿಕಾರಿಯ ವ್ಯಾಪ್ತಿಗೆ ಬರುತ್ತಿರಲಿಲ್ಲವಾದ್ದರಿಂದ 1968ರಲ್ಲಿ ನಾಟಕ ಮೊದಲು ಬಿಬಿಸಿ ರೇಡಿಯೊದಲ್ಲಿ ಪ್ರಸಾರವಾಯಿತು. ಅದರಲ್ಲಿ ಬೆತ್ ಪಾತ್ರದ ದನಿ ಪೆಗ್ಗಿ ಆಶ್‌ಕ್ರಾಫ್ಟ್ ಅವರದು. ಅದೇ ವರ್ಷ ಕಾನೂನು ಬದಲಾಗಿ ರಂಗಭೂಮಿಯ ಸೆನ್ಸಾರ್ ರದ್ದಾಯಿತು. 1969ರಲ್ಲಿ ‘ಲ್ಯಾಂಡ್‌ಸ್ಕೇಪ್’ ಒಂದು ಪದವೂ ಕಡಿಮೆಯಾಗದೆ ವೇದಿಕೆ ಏರಿದಾಗಲೂ ಬೆತ್ ಅವರೇ.

ತಪ್ಪು ಕಲ್ಪನೆ 4: ಷೇಕ್ಸ್‌ಪಿಯರ್ ನಾಟಕಗಳಿಗಷ್ಟೇ ಸರಿ, ಹೊಸ ನಾಟಕ ಅವರದಲ್ಲ.

ವಾಸ್ತವ: ಷೇಕ್ಸ್‌ಪಿಯರ್ ಅವರ ಬುನಾದಿ ಎಂಬುದು ನಿಜ. ಆದರೆ ಆ ಬುನಾದಿಯ ಮೇಲೆ ನಿಂತು ಅವರು ತಮ್ಮ ಕಾಲದ ಹೊಸ ನಾಟಕಕಾರರನ್ನೆಲ್ಲ ಹತ್ತಿರ ಮಾಡಿಕೊಂಡರು. 1930ರ ದಶಕದಲ್ಲಿ ಮಿಶೆಲ್ ಸೇಂಟ್ ಡೆನಿ ನಿರ್ದೇಶಿಸಿದ ಚೆಕಾವ್‌ನ ‘ತ್ರೀ ಸಿಸ್ಟರ್ಸ್’ನಲ್ಲಿ ಆಡಿದರು. 1956ರಲ್ಲಿ ರಾಯಲ್ ಕೋರ್ಟ್ ಥಿಯೇಟರ್‌ನಲ್ಲಿ ಜಾರ್ಜ್ ಡಿವೈನ್ ಬ್ರೆಕ್ಟ್‌ನ ‘ಗುಡ್ ವುಮನ್ ಆಫ್ ಸೆಟ್ಜುವಾನ್’ ಎತ್ತಿಕೊಂಡಾಗ, ಷೆನ್ ತೆ ಮತ್ತು ಅವಳೇ ಗಂಡುವೇಷ ತೊಟ್ಟು ಆಗುವ ಷುಯಿ ತಾ ಎಂಬ ಜೋಡಿ ಪಾತ್ರವನ್ನು ಮಾಡಿದವರು ಪೆಗ್ಗಿ. ಡೇಮ್ ಗೌರವ ಬಂದ ವರ್ಷವೂ ಅದೇ. ಗೌರವ ಸಿಕ್ಕಿತೆಂದು ಹಳೆಯ ಜಯಭೇರಿಗಳನ್ನೇ ಬಾರಿಸುತ್ತ ಕೂರುವ ಜಾಯಮಾನ ಅವರದಲ್ಲ.

ಅವರ ಎದೆಗಾರಿಕೆಗೆ ಇನ್ನೊಂದು ನಿದರ್ಶನ ಬೆಕೆಟ್‌ನ ‘ಹ್ಯಾಪಿ ಡೇಸ್’. ಪೀಟರ್ ಹಾಲ್ ನಿರ್ದೇಶನದಲ್ಲಿ 1975ರಲ್ಲಿ, 67ರ ವಯಸ್ಸಿನಲ್ಲಿ ಅವರು ವಿನ್ನಿ ಪಾತ್ರ ಮಾಡಿದರು. ಈ ನಾಟಕದ ಮೊದಲ ಅಂಕದಲ್ಲಿ ವಿನ್ನಿ ಸೊಂಟದವರೆಗೂ ಮಣ್ಣಿನ ದಿಬ್ಬದಲ್ಲಿ ಹೂತಿರುತ್ತಾಳೆ. ಕೈಗೆ ಸಿಗುವಂತೆ ಒಂದು ಚೀಲ, ಅದರಲ್ಲಿ ಹಲ್ಲುಜ್ಜುವ ಬ್ರಶ್, ಕನ್ನಡಿ, ಒಂದು ಪಿಸ್ತೂಲು. ಗಂಟೆ ಬಾರಿಸಿದರೆ ಏಳಬೇಕು, ಇನ್ನೊಮ್ಮೆ ಬಾರಿಸಿದರೆ ಮಲಗಬೇಕು. ನಡುವಿನ ಹೊತ್ತನ್ನೆಲ್ಲ ಮಾತಿನಿಂದಲೇ ತುಂಬಬೇಕು. ಎರಡನೇ ಅಂಕಕ್ಕೆ ಮಣ್ಣು ಕುತ್ತಿಗೆಗೆ ಬಂದಿರುತ್ತದೆ. ಕೈಯಿಲ್ಲ, ತಲೆ ತಿರುಗಿಸುವಂತಿಲ್ಲ. ನಟಿಗೆ ಉಳಿಯುವುದು ಎರಡು ಕಣ್ಣು, ಒಂದು ಬಾಯಿ, ದನಿ. ವೇದಿಕೆಯ ತುಂಬ ಓಡಾಡಿ ಗೆಲ್ಲುವುದು ಒಂದು, ಕುತ್ತಿಗೆಯವರೆಗೂ ಹೂತುಕೊಂಡು ತುಂಬಿದ ಸಭೆಯನ್ನು ಹಿಡಿದಿಡುವುದು ಇನ್ನೊಂದು. 1976ರಲ್ಲಿ ತೇಮ್ಸ್ ದಡದಲ್ಲಿ ನ್ಯಾಷನಲ್ ಥಿಯೇಟರ್‌ನ ಹೊಸ ಕಟ್ಟಡ ಬಾಗಿಲು ತೆರೆದಾಗ ಅಲ್ಲಿನ ಲಿಟಲ್ಟನ್ ರಂಗಮಂದಿರದಲ್ಲಿ ಮೊದಲು ಆಡಿದ ನಾಟಕ ಇದೇ.

ತಪ್ಪು ಕಲ್ಪನೆ 5: ಒಬ್ಬಂಟಿಯಾಗಿ ಮಿಂಚಿದ ತಾರೆ.

ವಾಸ್ತವ: ಪೆಗ್ಗಿ ಆಶ್‌ಕ್ರಾಫ್ಟ್ ಅವರನ್ನು ಅರಿಯಬೇಕಾದರೆ ಈ ತಪ್ಪನ್ನು ಮೊದಲು ತಿದ್ದಿಕೊಳ್ಳಬೇಕು. ಅವರು ನಂಬಿದ್ದು ತಂಡವನ್ನು. ವರ್ಷಗಟ್ಟಲೆ ಒಟ್ಟಿಗಿದ್ದು, ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಾಗುವಷ್ಟು ಪಳಗಿ, ಇಂದು ನಾಯಕಿ ನಾಳೆ ಸಣ್ಣ ಪಾತ್ರ ಎಂಬ ಭೇದವಿಲ್ಲದೆ ದುಡಿಯುವ ರೆಪರ್ಟರಿಯಲ್ಲೇ ನಟ ಬೆಳೆಯುತ್ತಾನೆ ಎಂಬುದು ಅವರ ದೃಢವಾದ ನಂಬಿಕೆ. 1937-38ರಲ್ಲಿ ಗೀಲ್ಗುಡ್ ಕ್ವೀನ್ಸ್ ಥಿಯೇಟರ್‌ನಲ್ಲಿ ಅಂಥ ತಂಡ ಕಟ್ಟಿದಾಗ ಅವರು ಜೊತೆಗಿದ್ದರು. ರಾಯಲ್ ಕೋರ್ಟ್‌ನಲ್ಲಿ ಡಿವೈನ್ ಕಟ್ಟಿದ ಬಳಗದಲ್ಲೂ ಇದ್ದರು. ಈ ಡಿವೈನ್ 1935ರ ರೋಮಿಯೋ ಜೂಲಿಯೆಟ್‌ನಲ್ಲಿ ಸೇವಕನ ಪಾತ್ರ ಮಾಡಿದ್ದವರು, ಹೆಡ್ಡಾ ನಾಟಕದಲ್ಲಿ ಹೆಡ್ಡಾಳ ಗಂಡನಾಗಿದ್ದವರು. ಹೀಗೆ ಅವರ ಬದುಕಿನಲ್ಲಿ ಹೆಸರುಗಳು ಮತ್ತೆಮತ್ತೆ ಬರುವುದು ಕಾಕತಾಳೀಯವಲ್ಲ, ಅದು ಅವರು ಆರಿಸಿಕೊಂಡ ದಾರಿ.

ಆ ನಂಬಿಕೆಯ ದೊಡ್ಡ ಫಲ ರಾಯಲ್ ಷೇಕ್ಸ್‌ಪಿಯರ್ ಕಂಪನಿ. 1960ರಲ್ಲಿ ಸ್ಟ್ರಾಟ್‌ಫರ್ಡ್‌ನ ಷೇಕ್ಸ್‌ಪಿಯರ್ ರಂಗಮಂದಿರದ ಹೊಣೆ ಹೊತ್ತ ಪೀಟರ್ ಹಾಲ್ ಇನ್ನೂ ಮೂವತ್ತು ತುಂಬದ ಯುವಕ. ನಟರನ್ನು ಒಂದು ಋತುವಿಗಷ್ಟೇ ಕರೆಸಿಕೊಳ್ಳುವ ಪದ್ಧತಿ ಬಿಟ್ಟು, ದೀರ್ಘ ಒಪ್ಪಂದದ ಮೇಲೆ ಕಾಯಂ ತಂಡ ಕಟ್ಟಬೇಕೆಂಬ ಅವರ ಯೋಜನೆಗೆ ಮೊದಲು ಕೈಜೋಡಿಸಿದವರಲ್ಲಿ ಪೆಗ್ಗಿ ಒಬ್ಬರು. ಅಷ್ಟು ದೊಡ್ಡ ನಟಿಯೇ ಒಪ್ಪಿಕೊಂಡ ಮೇಲೆ ಉಳಿದವರಿಗೂ ಭರವಸೆ ಬಂತು. ಆ ವರ್ಷ ‘ಟೇಮಿಂಗ್ ಆಫ್ ದ ಶ್ರೂ’ನಲ್ಲಿ 52ರ ಪೆಗ್ಗಿ ಕ್ಯಾಥರಿನಾ, ಇನ್ನೂ ಮೂವತ್ತರ ಒಳಗಿದ್ದ ಪೀಟರ್ ಓಟೂಲ್ ಪೆಟ್ರೂಕಿಯೋ. ತಂಡದ ಲಂಡನ್ ನೆಲೆಯಾದ ಆಲ್ಡ್‌ವಿಚ್ ಥಿಯೇಟರ್ 1960ರ ಡಿಸೆಂಬರ್‌ನಲ್ಲಿ ಆರಂಭವಾದದ್ದೂ ಅವರು ಮುಖ್ಯ ಪಾತ್ರದಲ್ಲಿದ್ದ ‘ಡಚೆಸ್ ಆಫ್ ಮಾಲ್ಫಿ’ಯಿಂದ.

1963ರ ‘ವಾರ್ಸ್ ಆಫ್ ದ ರೋಸಸ್’ ಈ ತಂಡದ ಮಹಾಪ್ರಯೋಗ. ಷೇಕ್ಸ್‌ಪಿಯರ್‌ನ ‘ಹೆನ್ರಿ ದ ಸಿಕ್ಸ್ತ್’ ನಾಟಕದ ಮೂರು ಭಾಗಗಳನ್ನೂ ‘ರಿಚರ್ಡ್ ದ ಥರ್ಡ್’ ನಾಟಕವನ್ನೂ ಸೇರಿಸಿ, ಜಾನ್ ಬಾರ್ಟನ್ ಮತ್ತು ಪೀಟರ್ ಹಾಲ್ ಮೂರು ನಾಟಕಗಳಾಗಿ ಹೊಸೆದರು. ಈ ನಾಟಕಗಳ ಉದ್ದಕ್ಕೂ ಬರುವವಳು ರಾಣಿ ಮಾರ್ಗರೆಟ್. ಫ್ರಾನ್ಸ್‌ನಿಂದ ಬಂದ ಹುಡುಗಿಯಾಗಿ ಕಾಣಿಸಿಕೊಂಡು, ಸೇನೆ ನಡೆಸುವ ರಾಣಿಯಾಗಿ, ಕೊನೆಗೆ ಎಲ್ಲವನ್ನೂ ಕಳೆದುಕೊಂಡು ಶಾಪ ಹಾಕುತ್ತ ತಿರುಗುವ ಮುದುಕಿಯಾಗುತ್ತಾಳೆ. ಪೆಗ್ಗಿಯವರಿಗೆ ಆಗ 55. ಇಪ್ಪತ್ತರ ಆಸುಪಾಸಿನಿಂದ ಎಪ್ಪತ್ತರವರೆಗಿನ ಬದುಕನ್ನು ಅವರು ಒಂದೇ ಮೈಯಲ್ಲಿ ತೋರಿಸಬೇಕಿತ್ತು.

ಅದರಲ್ಲಿ ಒಂದು ದೃಶ್ಯವಿದೆ. ಯುದ್ಧದಲ್ಲಿ ಸೆರೆಸಿಕ್ಕ ಎದುರಾಳಿ ಯಾರ್ಕ್‌ನ ಡ್ಯೂಕನನ್ನು ಮಾರ್ಗರೆಟ್ ಒಂದು ಸಣ್ಣ ಮಣ್ಣುಗುಡ್ಡೆಯ ಮೇಲೆ ನಿಲ್ಲಿಸುತ್ತಾಳೆ. ಅವನ ಕಿರಿಯ ಮಗನ ರಕ್ತದಲ್ಲಿ ಅದ್ದಿದ ಕರವಸ್ತ್ರ ಕೊಟ್ಟು ಕಣ್ಣೀರು ಒರೆಸಿಕೋ ಎನ್ನುತ್ತಾಳೆ. ಕಾಗದದ ಕಿರೀಟ ತೊಡಿಸಿ ಹಂಗಿಸುತ್ತಾಳೆ. ಬಿಬಿಸಿ ಈ ನಾಟಕಗಳನ್ನು ಟಿವಿಗೆ ಚಿತ್ರೀಕರಿಸಿ 1965ರಲ್ಲಿ ಪ್ರಸಾರ ಮಾಡಿದ್ದರಿಂದ ಈ ದೃಶ್ಯವನ್ನು ಇವತ್ತಿಗೂ ನೋಡಬಹುದು. ಯಾರ್ಕ್ ಆಗಿ ಡೊನಾಲ್ಡ್ ಸಿಂಡೆನ್ ಅಳುತ್ತ ಶಪಿಸುವಾಗ ಪೆಗ್ಗಿಯವರ ಮುಖ ನೋಡಿ. ಗೆದ್ದವಳ ಕೇಕೆ ಮತ್ತು ಒಳಗೊಳಗೇ ಹುಟ್ಟುವ ತಳಮಳ ಎರಡೂ ಅಲ್ಲಿವೆ. ಮಾತು ಸಿಂಡೆನ್ ಅವರದಾದರೂ ದೃಶ್ಯ ಇಬ್ಬರದು. ಎದುರಿನವನ ಮಾತನ್ನು ಮೈಯೆಲ್ಲ ಕಿವಿಯಾಗಿ ಕೇಳುವುದು ತಂಡದಲ್ಲಿ ಬಾಳಿದವರಿಗೆ ಮಾತ್ರ ಬರುವ ವಿದ್ಯೆ.

ತಪ್ಪು ಕಲ್ಪನೆ 6: ಭಾರತಕ್ಕೂ ಅವರಿಗೂ ನಂಟು ಬಂದದ್ದು ಡೇವಿಡ್ ಲೀನ್ ಚಿತ್ರದಿಂದ.

ವಾಸ್ತವ: ಅದಕ್ಕೂ ಮೊದಲೇ ಎರಡು ಸಲ ಅವರು ಭಾರತದ ಕಥೆಗಳಲ್ಲಿ ನಟಿಸಿದ್ದರು. 1978ರಲ್ಲಿ ಜೇಮ್ಸ್ ಐವರಿ ನಿರ್ದೇಶನದ ‘ಹಲಾಬಲೂ ಓವರ್ ಜಾರ್ಜಿ ಆ್ಯಂಡ್ ಬಾನೀಸ್ ಪಿಕ್ಚರ್ಸ್’ ಎಂಬ ಚಿತ್ರ ಜೋಧಪುರದಲ್ಲಿ ತಯಾರಾಯಿತು. ಮಹಾರಾಜನೊಬ್ಬನ ಬಳಿಯ ಹಳೆಯ ಚಿತ್ರಗಳ ಸಂಗ್ರಹವನ್ನು ಹೇಗಾದರೂ ಪಡೆಯಬೇಕೆಂದು ಬರುವ ಇಂಗ್ಲಿಷ್ ಹೆಂಗಸಿನ ಪಾತ್ರ ಪೆಗ್ಗಿಯವರದು. ಮಹಾರಾಜನಾಗಿದ್ದವರು ವಿಕ್ಟರ್ ಬ್ಯಾನರ್ಜಿ, ಮುಂದೆ ಲೀನ್ ಚಿತ್ರದಲ್ಲಿ ಡಾಕ್ಟರ್ ಅಜೀಜ್ ಆದವರು. ಮಸೀದಿಯ ದೃಶ್ಯದಲ್ಲಿ ಅಜೀಜ್ ಮತ್ತು ಮಿಸೆಸ್ ಮೂರ್ ಮೊದಲ ಸಲ ಭೇಟಿಯಾಗುವಾಗ ಆ ಇಬ್ಬರು ನಟರಿಗೆ ಹಳೆಯ ಪರಿಚಯವಿತ್ತು.

ಎರಡನೆಯದು ಪಾಲ್ ಸ್ಕಾಟ್ ಕಾದಂಬರಿಗಳನ್ನು ಆಧರಿಸಿ ಗ್ರಾನಡಾ ಟೆಲಿವಿಷನ್ ಮಾಡಿದ 14 ಕಂತುಗಳ ‘ದ ಜ್ಯುವೆಲ್ ಇನ್ ದ ಕ್ರೌನ್’. ಇದು ಬ್ರಿಟನ್ನಿನಲ್ಲಿ ಪ್ರಸಾರವಾದದ್ದು 1984ರ ಆರಂಭದಲ್ಲಿ. ಲೀನ್ ಚಿತ್ರ ತೆರೆಕಂಡದ್ದು ಅದೇ ವರ್ಷದ ಡಿಸೆಂಬರ್‌ನಲ್ಲಿ. ಎರಡೂ ಒಂದೇ ವರ್ಷ ಬಂದದ್ದರಿಂದ ಬಹಳ ಮಂದಿ ಒಂದರ ಪಾತ್ರವನ್ನು ಇನ್ನೊಂದಕ್ಕೆ ಸೇರಿಸಿ ಮಾತಾಡುತ್ತಾರೆ. ಟಿವಿ ಸರಣಿಯಲ್ಲಿ ಅವರದು ಬಾರ್ಬಿ ಬ್ಯಾಚಲರ್ ಎಂಬ ನಿವೃತ್ತ ಮಿಷನರಿ ಶಿಕ್ಷಕಿಯ ಪಾತ್ರ.

ಲೀನ್ ಚಿತ್ರಕ್ಕೆ ನಮ್ಮ ಕರಾವಳಿಯ ನಂಟೂ ಇದೆ. ಇ. ಎಂ. ಫಾರ್ಸ್ಟರ್ ಅವರ 1924ರ ಕಾದಂಬರಿಯನ್ನು ಮೊದಲು ನಾಟಕವಾಗಿಸಿದವರು ಸಾಂತಾ ರಾಮ ರಾವ್. ಅವರ ತಂದೆ ಬೆನೆಗಲ್ ರಾಮ ರಾವ್ ಮಂಗಳೂರಿನವರು, ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದವರು. ಲೀನ್ ಚಿತ್ರಕಥೆಗೆ ಕಾದಂಬರಿಯ ಜೊತೆಗೆ ಆ ನಾಟಕವೂ ಆಧಾರ. ಅದೇ ನಾಟಕ 1965ರಲ್ಲಿ ಬಿಬಿಸಿಯಲ್ಲಿ ಬಂದಾಗ ಮಿಸೆಸ್ ಮೂರ್ ಆದವರು ಸಿಬಿಲ್ ಥಾರ್ನ್‌ಡೈಕ್. ರೋಬ್ಸನ್ ಅವರ ‘ಒಥೆಲೊ’ದಲ್ಲಿ ಪೆಗ್ಗಿಯ ಡೆಸ್ಡಿಮೋನಾಗೆ ಎಮಿಲಿಯಾ ಆಗಿದ್ದವರೂ ಇವರೇ.

ತಪ್ಪು ಕಲ್ಪನೆ 7: ಚಿತ್ರದಲ್ಲಿ ಕಾಣುವ ಮಾರಬಾರ್ ಗುಹೆಗಳು ಬಿಹಾರದ ನಿಜವಾದ ಗುಹೆಗಳು.

ವಾಸ್ತವ: ಫಾರ್ಸ್ಟರ್‌ಗೆ ಸ್ಫೂರ್ತಿಯಾದದ್ದು ಬಿಹಾರದ ಬರಾಬರ್ ಗುಹೆಗಳು, ಸಂಶಯವಿಲ್ಲ. ಅವರು ಅಲ್ಲಿಗೆ ಹೋದದ್ದು 1913ರಲ್ಲಿ. ಮೌರ್ಯರ ಕಾಲದಲ್ಲಿ ಗ್ರಾನೈಟ್ ಬಂಡೆ ಕೊರೆದು, ಒಳಗೋಡೆಗಳನ್ನು ಕನ್ನಡಿಯಂತೆ ಉಜ್ಜಿ ನುಣುಪಾಗಿಸಿದ ಗುಹೆಗಳವು. ಒಳಗೆ ದನಿ ಮಾಡಿದರೆ ಪ್ರತಿಧ್ವನಿ ಬಹಳ ಹೊತ್ತು ಸುತ್ತುತ್ತದೆ. ಕಾದಂಬರಿಯ ಜೀವ ಇರುವುದು ಆ ಪ್ರತಿಧ್ವನಿಯಲ್ಲಿ. ಆದರೆ ಹೊರನೋಟಕ್ಕೆ ಆ ಬೆಟ್ಟಗಳು ಲೀನ್ ಬಯಸಿದಷ್ಟು ಭವ್ಯವಾಗಿರಲಿಲ್ಲ. ಅದಕ್ಕೇ ಸಾವನದುರ್ಗವನ್ನೂ ರಾಮನಗರದ ರಾಮದೇವರ ಬೆಟ್ಟವನ್ನೂ ಆರಿಸಿಕೊಂಡು, ಬಂಡೆಯಲ್ಲೇ ಗುಹೆಯ ಬಾಯಿಗಳನ್ನು ಕೆತ್ತಿಸಿದರು. ಕಥೆ ನಡೆಯುವ ಚಂದ್ರಾಪುರ ಪಟ್ಟಣದ ಬೀದಿಗಳು ಎದ್ದದ್ದು ಬೆಂಗಳೂರು ಅರಮನೆಯ ಆವರಣದಲ್ಲಿ. ಗುಹೆಗಳಿಗೆ ಹೋಗುವ ರೈಲಿನ ದೃಶ್ಯ ನೀಲಗಿರಿಯದು.

ಗುಹೆಯೊಳಗಿನ ನೂಕುನುಗ್ಗಲಿನಲ್ಲಿ, ಆ ಪ್ರತಿಧ್ವನಿಯಲ್ಲಿ ಉಸಿರು ಕಟ್ಟಿ ಮಿಸೆಸ್ ಮೂರ್ ಹೊರಗೆ ಬರುತ್ತಾರೆ. ಇಲ್ಲಿಂದ ಅವರ ಮುಖವೇ ಬದಲಾಗುತ್ತದೆ. ಮಸೀದಿಯಲ್ಲಿ ದೇವರು ಇಲ್ಲಿದ್ದಾನೆ ಎಂದು ಸರಳವಾಗಿ ನಂಬಿದ್ದ ಹೆಂಗಸಿಗೆ ಈಗ ಯಾವುದರ ಮೇಲೂ ನಂಬಿಕೆ ಉಳಿದಿಲ್ಲ. ಏನಾಯಿತೆಂದು ಪಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಅದನ್ನು ನಟಿಯ ಕಣ್ಣುಗಳಲ್ಲೇ ಓದಿಕೊಳ್ಳಬೇಕು. ಕುತ್ತಿಗೆಯವರೆಗೂ ಹೂತುಕೊಂಡು ಕಣ್ಣಿನಿಂದಲೇ ನಾಟಕ ನಡೆಸಿದ ವಿನ್ನಿಯ ಅಭ್ಯಾಸ ಇಲ್ಲಿ ಕೆಲಸಕ್ಕೆ ಬಂದಿದೆ.

ತಪ್ಪು ಕಲ್ಪನೆ 8: ಅವರ ಭಾರತದ ಪಾತ್ರಗಳು ಬ್ರಿಟಿಷ್ ಆಳ್ವಿಕೆಯ ಗುಣಗಾನ.

ವಾಸ್ತವ: ಈ ಆಕ್ಷೇಪಕ್ಕೆ ಕಾರಣವಿದೆ. 1980ರ ದಶಕದಲ್ಲಿ ಬ್ರಿಟಿಷ್ ತೆರೆಯ ಮೇಲೆ ಬಂದ ರಾಜ್ ಕಥೆಗಳ ಸಾಲನ್ನು ಸಲ್ಮಾನ್ ರಶ್ದಿ 1984ರಲ್ಲೇ ಕಟುವಾಗಿ ಟೀಕಿಸಿದರು. ಗೋಡ್ಬೋಲೆ ಪಾತ್ರಕ್ಕೆ ಬಿಳಿ ನಟನನ್ನು ಹಾಕಿದ್ದೂ ತಪ್ಪೇ. ಈ ಟೀಕೆಗಳು ಚಿತ್ರಗಳ ಮಟ್ಟಿಗೆ ಸಲ್ಲುತ್ತವೆ.

ಪೆಗ್ಗಿಯವರ ಎರಡು ಪಾತ್ರಗಳನ್ನು ಮಾತ್ರ ಬಿಡಿಸಿ ನೋಡಬೇಕು. ಮಿಸೆಸ್ ಮೂರ್ ತನ್ನ ಮ್ಯಾಜಿಸ್ಟ್ರೇಟ್ ಮಗನ ದರ್ಪವನ್ನು ಒಪ್ಪದ ತಾಯಿ. ಗುಹೆಗಳ ಪ್ರವಾಸದ ನಂತರ ಆರೋಪಿಯಾಗುವ ಅಜೀಜ್ ನಿರಪರಾಧಿ ಎಂದು ಬಲ್ಲವರು, ಅದಕ್ಕೇ ಮೊಕದ್ದಮೆಗೆ ಮುಂಚೆ ಅವರನ್ನು ಹಡಗು ಹತ್ತಿಸಲಾಗುತ್ತದೆ. ದಾರಿಯಲ್ಲೇ ತೀರಿಕೊಳ್ಳುತ್ತಾರೆ. ಬಾರ್ಬಿ ಬ್ಯಾಚಲರ್ ಇನ್ನೂ ಒಂಟಿ ಜೀವ. ಬದುಕಿಡೀ ಭಾರತದಲ್ಲಿ ಮಕ್ಕಳಿಗೆ ಕಲಿಸಿದವಳು, ನಿವೃತ್ತಿಯ ನಂತರ ಪ್ಯಾಂಕೋಟ್ ಎಂಬ ಗಿರಿಧಾಮದಲ್ಲಿ ಮೇಬಲ್ ಲೇಟನ್ ಎಂಬ ವೃದ್ಧೆಯ ಮನೆಯಲ್ಲಿ ಆಸರೆ ಪಡೆದವಳು. ಸೇನಾಧಿಕಾರಿಗಳ ಹೆಂಡತಿಯರಿಗೆ ಅವಳು ಕೆಳದರ್ಜೆಯವಳು, ವಾಚಾಳಿ. ಮೇಬಲ್ ಸತ್ತ ಮೇಲೆ ಅವಳನ್ನು ಮನೆಯಿಂದ ಹೊರಹಾಕುತ್ತಾರೆ. ಟಾಂಗಾ ಅಪಘಾತದ ನಂತರ ಅವಳ ಮಾತೇ ನಿಂತುಹೋಗುತ್ತದೆ. ಬಿಡುವಿಲ್ಲದೆ ಮಾತಾಡುತ್ತಿದ್ದ ಹೆಂಗಸು ಆಸ್ಪತ್ರೆಯ ಕಿಟಕಿಯ ಬಳಿ ಮೌನವಾಗಿ ಕುಳಿತು ಸಾಯುವ ದಿನ 1945ರ ಆಗಸ್ಟ್ 6, ಹಿರೋಷಿಮಾದ ಮೇಲೆ ಬಾಂಬು ಬಿದ್ದ ದಿನ. ಸಾಮ್ರಾಜ್ಯ ತನ್ನವರನ್ನೇ ಹೇಗೆ ಬಳಸಿ ಬಿಸಾಡುತ್ತದೆ ಎಂಬುದಕ್ಕೆ ಇದಕ್ಕಿಂತ ನಿಷ್ಠುರ ಚಿತ್ರ ಬೇಕಿಲ್ಲ. ಈ ಪಾತ್ರಕ್ಕೆ ಪೆಗ್ಗಿಯವರಿಗೆ ಬಾಫ್ಟಾ ಪ್ರಶಸ್ತಿ ಬಂತು.

ತಪ್ಪು ಕಲ್ಪನೆ 9: ಆಸ್ಕರ್ ಅವರ ಬದುಕಿನ ಶಿಖರ, ಅದೂ ವಯಸ್ಸಿಗೆ ಕೊಟ್ಟ ಮರ್ಯಾದೆ.

ವಾಸ್ತವ: ಲೀನ್ ಚಿತ್ರ 11 ಆಸ್ಕರ್ ನಾಮನಿರ್ದೇಶನ ಪಡೆದು ಎರಡನ್ನು ಗೆದ್ದಿತು. ಒಂದು ಮಾರಿಸ್ ಜಾರ್ ಅವರ ಸಂಗೀತಕ್ಕೆ, ಇನ್ನೊಂದು ಪೆಗ್ಗಿಯವರಿಗೆ. ಅತ್ಯುತ್ತಮ ಪೋಷಕ ನಟಿ ಪ್ರಶಸ್ತಿ ಗೆದ್ದವರಲ್ಲಿ ಅವರೇ ಅತ್ಯಂತ ಹಿರಿಯರು. ಸಮಾರಂಭಕ್ಕೆ ಅವರು ಹೋಗಿರಲಿಲ್ಲ, ಏಂಜೆಲಾ ಲಾನ್ಸ್‌ಬರಿ ಅವರ ಪರವಾಗಿ ಸ್ವೀಕರಿಸಿದರು. ಅಮೆರಿಕ ಪೋಷಕ ಪಾತ್ರವೆಂದು ಎಣಿಸಿದ ಇದೇ ಪಾತ್ರಕ್ಕೆ ಬ್ರಿಟನ್ನಿನ ಬಾಫ್ಟಾ ಅತ್ಯುತ್ತಮ ನಟಿ ಪ್ರಶಸ್ತಿಯನ್ನೇ ಕೊಟ್ಟಿತು. ಹಿರಿತನಕ್ಕೆ ಮರ್ಯಾದೆ ತೋರಿಸಲು ಯಾರೂ ಹೀಗೆ ಪೋಷಕ ಪಾತ್ರವನ್ನು ಮುಖ್ಯ ಪಾತ್ರದ ಸಾಲಿಗೆ ಏರಿಸುವುದಿಲ್ಲ.

ಆಸ್ಕರ್ ನಂತರ ಅವರು ವಿಶ್ರಾಂತಿಗೆ ಇಳಿಯಲಿಲ್ಲ. 1988ರ ‘ಮದಾಂ ಸೂಸಟ್ಸ್ಕಾ’ ಚಿತ್ರದಲ್ಲಿ ಶರ್ಲಿ ಮ್ಯಾಕ್ಲೇನ್, ಶಬಾನಾ ಆಜ್ಮಿ ಜೊತೆ ನಟಿಸಿದರು. 1989ರಲ್ಲಿ ಹಳೆಯ ಸಂಗಾತಿ ಪೀಟರ್ ಹಾಲ್ ನಿರ್ದೇಶಿಸಿದ ‘ಷೀಸ್ ಬೀನ್ ಅವೇ’ಯಲ್ಲಿ, ಹರೆಯದಲ್ಲೇ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟು ಮುಪ್ಪಿನಲ್ಲಿ ಹೊರಬರುವ ಹೆಂಗಸಾದರು. ಅದಕ್ಕೆ ವೆನಿಸ್ ಚಿತ್ರೋತ್ಸವದ ಶ್ರೇಷ್ಠ ನಟಿ ಪ್ರಶಸ್ತಿಯನ್ನು ಜೆರಾಲ್ಡಿನ್ ಜೇಮ್ಸ್ ಜೊತೆ ಹಂಚಿಕೊಂಡರು. ಆಗ ಅವರಿಗೆ 81. 1991ರ ಜೂನ್ 14ರಂದು ಲಂಡನ್ನಿನಲ್ಲಿ ತೀರಿಕೊಂಡರು.

ಅವರನ್ನು ಸರಿಯಾಗಿ ಪರಿಚಯ ಮಾಡಿಕೊಳ್ಳಬೇಕೆನ್ನುವವರು ‘39 ಸ್ಟೆಪ್ಸ್’, ‘ವಾರ್ಸ್ ಆಫ್ ದ ರೋಸಸ್’, ‘ಜ್ಯುವೆಲ್ ಇನ್ ದ ಕ್ರೌನ್’, ‘ಎ ಪ್ಯಾಸೇಜ್ ಟು ಇಂಡಿಯಾ’ ಇವನ್ನು ಇದೇ ಕ್ರಮದಲ್ಲಿ ನೋಡಬೇಕು. ರೈತನ ಎಳೆಯ ಹೆಂಡತಿ, ರಕ್ತಪಿಪಾಸು ರಾಣಿ, ಮಾತು ಕಳೆದುಕೊಂಡ ಶಿಕ್ಷಕಿ, ನಂಬಿಕೆ ಕಳೆದುಕೊಂಡ ತಾಯಿ: ನಾಲ್ವರಲ್ಲೂ ನಟಿ ತನ್ನನ್ನು ಮುಂದೆ ಮಾಡಿಕೊಳ್ಳದೆ ದೃಶ್ಯವನ್ನು ಮುಂದೆ ಮಾಡುತ್ತಾರೆ. ಒಲಿವಿಯೇ, ಗೀಲ್ಗುಡ್ ಹೆಸರು ಹೇಳುವಾಗ ಅದೇ ಉಸಿರಿನಲ್ಲಿ ಹೇಳಬೇಕಾದ ಹೆಸರು ಪೆಗ್ಗಿ ಆಶ್‌ಕ್ರಾಫ್ಟ್. ನಟನೆ ಒಬ್ಬರ ಗೆಲುವಲ್ಲ, ಒಂದು ತಂಡ ಸೇರಿ ಮಾಡುವ ಕೆಲಸ ಎಂದು ಅರವತ್ತು ವರ್ಷ ದುಡಿದು ತೋರಿಸಿದವರು ಅವರು. ಮಿಸೆಸ್ ಮೂರ್ ಪಾತ್ರದಲ್ಲಿ ಜಗತ್ತು ಮೆಚ್ಚಿದ್ದು ಆ ದುಡಿಮೆಯನ್ನೇ.